ಕರ್ತೃವಿಲ್ಲದ ಕಸ

ಪರಿಸರ ರಕ್ಷಣೆಯ ಸಾಕ್ಷ್ಯಚಿತ್ರ ಕಂಡು ಕಣ್ಣೊರೆಸಿಕೊಳ್ಳುವ ಸಜ್ಜನರಲ್ಲಿ ನಾನೂ ಒಬ್ಬ. ಆದರೂ ದಿವಾದ ಕನ್ನಡಿಗರು ಕೇಳಬೇಕಾದ ಪ್ರಶ್ನೆಯೊಂದಿದೆ. 2023ರಲ್ಲಿ ನಿಲ್ಲುವವರೆಗೂ ಥಾಣೆ ನಗರದ ಕಸವನ್ನು ವರ್ಷಗಟ್ಟಲೆ ಸುರಿದದ್ದು ಇಲ್ಲಿ. ರಾಶಿ ಹೊತ್ತಿದಾಗ ಹೊಗೆ ಕುಡಿದವರೂ ಇಲ್ಲಿಯವರೇ. ಇಂಥದನ್ನು ಚಿತ್ರಿಸುವವರು ಬಹುಪಾಲು ‘ಕಸ ಸುರಿಯಲ್ಪಟ್ಟಿದೆ’ ಎಂದು ನಿಟ್ಟುಸಿರಿಟ್ಟು, ಔಷಧಿ ಹಂಚುವ ದಾನಿಯ ನಗುಮುಖದಲ್ಲಿ ಮುಗಿಸಿಬಿಡುತ್ತಾರೆ. ಸುರಿದವರು ಯಾರು? ಕರ್ತೃವಿಲ್ಲದ ಆ ವಾಕ್ಯ ಸರ್ಕಾರಿ ಕಡತಗಳದು. ಮೂವತ್ತು ವರ್ಷ ನಾನೇ ಬರೆದಿದ್ದೇನೆ, ಅದರ ಉಪಯೋಗವನ್ನು ಬಲ್ಲೆ!

ಆನಂದ ಪಟವರ್ಧನರ ‘ಹಮಾರಾ ಶಹರ್’ (1985) ಹಾಗೆ ನುಣುಚಿಕೊಳ್ಳಲಿಲ್ಲ. ಗುಡಿಸಲು ಕಳೆದುಕೊಂಡವರ ಮಾತಿನ ಎದುರಿಗೇ ಅಧಿಕಾರಸ್ಥರ ಮಾತನ್ನಿಟ್ಟಿತು. ಬಡವರ ಚಿತ್ರ ತೆಗೆದು ಹೆಸರು ಮಾಡುತ್ತೀರೆಂದು ಹೆಂಗಸೊಬ್ಬಳು ನಿರ್ದೇಶಕರನ್ನೇ ಬೈದದ್ದನ್ನೂ ಕತ್ತರಿಸದೆ ಉಳಿಸಿಕೊಂಡಿತು. ನಮ್ಮ ಸಂಘದ ಮುಂದಿನ ಪ್ರದರ್ಶನಕ್ಕೆ ಆನೆಮರಿಯ ಚಿತ್ರ ಬೇಡ, ಇದು ಬರಲಿ. ಪಾಲಿಕೆಯವರಿಗೂ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸೋಣ.