ಟೋಪಿಯ ಬಿಲ್ಲೆ

ಅಂಚೆಚೀಟಿಗಳನ್ನೂ ಹಳೆಯ ನಾಣ್ಯಗಳನ್ನೂ ಕೂಡಿಡುವವರು ನಮ್ಮಲ್ಲಿ ಅನೇಕರುಂಟು. ಸಿಪಾಯಿಗಳ ಟೋಪಿಯ ಬಿಲ್ಲೆಗಳನ್ನು ಕೂಡಿಡುವವರು ವಿರಳ. ಆದರೆ ಅಂಗೈಯಲ್ಲಡಗುವ ಆ ಹಿತ್ತಾಳೆಯ ತುಂಡು ಖಂಡಾಂತರದ ಕಥೆಯನ್ನು ಹೇಳಬಲ್ಲುದು.

ಬ್ರಿಟಿಷರು ಆಫ್ರಿಕದಲ್ಲಿ ಕಟ್ಟಿದ ಪಡೆಗಳ ಬಿಲ್ಲೆಗಳನ್ನೇ ಅರಸುವ ಸಂಗ್ರಾಹಕರಿದ್ದಾರೆ. 1902ರಲ್ಲಿ ಸ್ಥಾಪಿತವಾದ ‘ಕಿಂಗ್ಸ್ ಆಫ್ರಿಕನ್ ರೈಫಲ್ಸ್’ ಪಡೆಯ ಗುರುತು ಬೇಟೆಯ ಕೊಂಬು. ಪಶ್ಚಿಮ ಆಫ್ರಿಕದ ಗಡಿಪಡೆಯದು ತಾಳೆಯ ಮರ. ಎರಡನೆಯ ಮಹಾಯುದ್ಧದಲ್ಲಿ ಈ ಎರಡೂ ಪಡೆಗಳ ಸಿಪಾಯಿಗಳು ಕಡಲು ದಾಟಿ ಬಂದು ಬರ್ಮಾದ ಕಾಡುಗಳಲ್ಲಿ ಕಾದಾಡಿದರು. ಮೊದಲನೆಯ ಮಹಾಯುದ್ಧದಲ್ಲಿ ಪಯಣ ತಿರುಗುಮುರುಗಾಗಿತ್ತು. ಗಂಡಭೇರುಂಡ ಲಾಂಛನದ ಮೈಸೂರು ಲ್ಯಾನ್ಸರ್ಸ್ ದಳದವರು ಆಫ್ರಿಕದ ನೆಲವಾದ ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯನ್ನು ಕಾದರು. ಜೋಧಪುರದ ಸವಾರರೊಡನೆ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದರು. 1953ರಲ್ಲಿ ಆ ದಳವು ಭಾರತದ 61ನೆಯ ಅಶ್ವದಳದಲ್ಲಿ ಲೀನವಾಯಿತು. ಆಫ್ರಿಕದ ಪಡೆಗಳೂ ಅಲ್ಲಿನ ದೇಶಗಳು ಸ್ವತಂತ್ರವಾದಂತೆ ಹೆಸರು ಬದಲಿಸಿದವು. ಹಳೆಯ ಹೆಸರನ್ನು ಉಳಿಸಿಕೊಂಡದ್ದು ಬಿಲ್ಲೆ ಮಾತ್ರ.

ಬೆಲೆಯುಳ್ಳದ್ದಕ್ಕೆ ಖೋಟಾ ಹುಟ್ಟುವುದು ಲೋಕರೂಢಿ. ಅಚ್ಚಿನಲ್ಲಿ ಒತ್ತಿದ ಬಿಲ್ಲೆಯ ಗೆರೆಗಳು ಚೊಕ್ಕವಾಗಿರುತ್ತವೆ. ಅದನ್ನೇ ಮಾದರಿಯಾಗಿಟ್ಟು ಎರಕ ಹೊಯ್ದದ್ದರಲ್ಲಿ ಗೆರೆಗಳು ಮಬ್ಬಾಗಿ ಸಣ್ಣ ಗುಳಿಗಳು ಕಾಣುತ್ತವೆ. ಆದರೆ ಎರಕದ್ದೆಲ್ಲವೂ ಖೋಟಾ ಅಲ್ಲ. ಕೆಲವನ್ನು ಆ ಕಾಲದಲ್ಲಿಯೇ ಪೇಟೆಯ ಕಂಚುಗಾರರು ಮಾಡಿಕೊಟ್ಟದ್ದುಂಟು. ಕಿರೀಟವಿದ್ದರೆ ಅದರ ಕಮಾನನ್ನು ನೋಡಬೇಕು: ಗುಂಡಾಗಿ ಮೇಲೆದ್ದಿದ್ದರೆ ಸಾಮಾನ್ಯವಾಗಿ 1952ರ ಹಿಂದಿನ ದೊರೆಗಳ ಕಾಲದ್ದು, ನಡುವೆ ತಗ್ಗಿದ್ದರೆ ಸಾಮಾನ್ಯವಾಗಿ 1952ರ ಅನಂತರದ ಎಲಿಜಬೆತ್ ರಾಣಿಯ ಕಾಲದ್ದು.

ಕಡೂರು ಸೀಮೆಯ ಸಿಂಗಟಗೆರೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಮನೆಯ ಹಳೆಯ ಟ್ರಂಕಿನಲ್ಲಿ ಇಂತಹ ಬಿಲ್ಲೆಯೊಂದು ದೊರೆತರೆ, ಪೂಜೆಯ ಪಾತ್ರೆಗೆಂಬಂತೆ ಹುಣಿಸೆಹಣ್ಣು ಹಚ್ಚಿ ತಿಕ್ಕಬಾರದು. ಹೊಳಪು ಬಂದೀತು, ಗೆರೆ ಸವೆದೀತು, ಕಾಲದ ಮುದ್ರೆ ಅಳಿದೀತು. ಮೆತ್ತನೆಯ ಒಣ ಬಟ್ಟೆಯಿಂದ ಧೂಳೊರೆಸಿ, ತೇವ ತಾಗದಂತೆ ಇಟ್ಟರೆ ಸಾಕು. ಹಳೆಯ ಹಿತ್ತಾಳೆಯೆಂದು ತೂಕಕ್ಕೆ ಹಾಕುವುದಂತೂ ಸಲ್ಲದು.

ಬಿಲ್ಲೆಯ ಮೇಲೆ ಪಡೆಯ ಗುರುತುಂಟು, ಧರಿಸಿದವನ ಹೆಸರಿಲ್ಲ. ಪರರ ದೊರೆತನಕ್ಕಾಗಿ ಪರದೇಶದಲ್ಲಿ ಕಾದಾಡಿದ ಆಫ್ರಿಕದ ರೈತನ ಮಗನೂ ಮೈಸೂರಿನ ಸವಾರನೂ ಈ ಒಂದು ವಿಷಯದಲ್ಲಿ ಸಮಾನರು. ಮನೆಯ ಹಿರಿಯರು ಹೇಳಬಲ್ಲವರಿರುವಾಗಲೇ ಅದು ಯಾರದು, ಯಾವ ಊರಿನವರದು, ಹೇಗೆ ಬಂದಿತೆಂಬುದನ್ನು ಚೀಟಿಯಲ್ಲಿ ಬರೆದು ಬಿಲ್ಲೆಯ ಜೊತೆಗಿಡಬೇಕು. ಹೋದ ಬಿಲ್ಲೆಯಂತಹುದೇ ಇನ್ನೊಂದು ಎಂದಾದರೂ ಪೇಟೆಯಲ್ಲಿ ದೊರೆತೀತು. ಮರೆತುಹೋದ ಹೆಸರು ಯಾವ ಪೇಟೆಯಲ್ಲಿಯೂ ದೊರೆಯದು.