ಈ ದಸರಾಗೆ ಕೈಟ್ ಬ್ಯಾಗ್ ಬರಲ್ಲ

1/9
ಗ್ರೂಪ್‌ನಲ್ಲಿ ಮೂರು ದಿನದಿಂದ ಒಂದೇ ಪ್ರಶ್ನೆ: "ರಾಮೇಶ್ವರಕ್ಕೆ ಕೈಟ್ ತರ್ತೀಯಾ, ಇಲ್ವಾ?" ವೋಟಿಂಗ್ ಬೇರೆ ಇಟ್ಟಿದ್ದೀರ. 11 ಜನ "ತಗೊಂಡ್ಬಾ ಗುರು", ಇಬ್ಬರು "ಬೇಡ". ಆ ಇಬ್ಬರಲ್ಲಿ ಒಬ್ಬ ಯಾಕೆ ಬೇಡ ಅಂದ ಅಂತ ನಿಮಗೆ ಗೊತ್ತಿಲ್ಲ. ನನಗೆ ಗೊತ್ತು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ, ಪೂರ್ತಿ ಓದಿ.

ಉತ್ತರ ಮೊದಲೇ ಹೇಳ್ಬಿಡ್ತೀನಿ: ತರಲ್ಲ. ನೀವೂ ಯಾರಿಗೂ "ತಗೊಂಡ್ಬಾ" ಅನ್ನಬೇಡಿ.

2/9
ಹೊಸದಾಗಿ ಫಾಲೋ ಮಾಡ್ತಿರೋರಿಗೆ: ಕೈಟ್‌ಬೋರ್ಡಿಂಗ್ ಅಂದ್ರೆ ಸೊಂಟಕ್ಕೆ ಹಾರ್ನೆಸ್ ಬಿಗಿದು, ಕಾಲ ಕೆಳಗೆ ಬೋರ್ಡ್ ಇಟ್ಕೊಂಡು, ದೊಡ್ಡದೊಂದು ಗಾಳಿಪಟ ಎಳೆದ ಕಡೆ ನೀರಿನ ಮೇಲೆ ಜಾರೋದು. ಪಟಕ್ಕೂ ನಮಗೂ ನಡುವೆ 20 ಮೀಟರ್‌ಗಿಂತ ಉದ್ದದ ಲೈನ್‌ಗಳು.

ನನ್ನ ಬ್ಯಾಗಲ್ಲಿರೋದು 12 ಮತ್ತು 9 ಚದರ ಮೀಟರ್‌ನ ಎರಡು ಕೈಟ್, ಬೋರ್ಡ್, ಬಾರ್, ಪಂಪ್, ಹಾರ್ನೆಸ್, ಹೆಲ್ಮೆಟ್. ಸುಮಾರು 20 ಕೆ.ಜಿ. ಎಲ್ಲಾ ಸೆಕೆಂಡ್ ಹ್ಯಾಂಡ್. ಎರಡು ವರ್ಷ ಪಕ್ಕದ ಮನೆ ಮಕ್ಕಳಿಗೆ ಗಣಿತ ಹೇಳಿಕೊಟ್ಟ ದುಡ್ಡು ಅದರಲ್ಲಿದೆ. ಅದರ ಮೇಲೆ ನನಗಿರೋ ಪ್ರೀತಿ ನಿಮಗ್ಯಾರಿಗೂ ಇರೋಕೆ ಸಾಧ್ಯವಿಲ್ಲ.

"ತಗೊಂಡ್ಬಾ" ಅನ್ನೋರ ವಾದ ಒಂದೇ ಪದ: "ಬೇಕಾಗ್ಬಹುದು." ನನ್ನ ಜಗಳ ಆ ಪದದ ಜೊತೆ.

3/9
ಬೇಕಾಗುತ್ತಾ ಅಂತ ಹೇಳಬೇಕಾದ್ದು ಗಾಳಿ. ಬೆಂಗಳೂರು, ದೊಡ್ಡಬಳ್ಳಾಪುರದ ಕಡೆ ನಮ್ಮಜ್ಜಂದಿರು ಗಾಳಿಪಟ ಯಾವಾಗ ಹಾರಿಸ್ತಿದ್ರು? ಆಷಾಢದಲ್ಲಿ. ಅವರ ಫೋನಲ್ಲಿ ವಿಂಡ್ ಆ್ಯಪ್ ಇರಲಿಲ್ಲ, ಆದರೂ ಗಾಳಿ ಯಾವಾಗ ಬರುತ್ತೆ ಅಂತ ಗೊತ್ತಿತ್ತು. ಅದೇ ನೈಋತ್ಯ ಮಾರುತ ರಾಮೇಶ್ವರ ಇರೋ ಪಾಂಬನ್ ದ್ವೀಪದ ಮೇಲೂ ಬೀಸುತ್ತೆ, ಹೆಚ್ಚುಕಮ್ಮಿ ಮೇಯಿಂದ ಸೆಪ್ಟೆಂಬರ್‌ವರೆಗೆ. ಆಮೇಲೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ. ಕೈಟ್‌ನೋರು ಅಲ್ಲಿಗೆ ಹೋಗೋದು ಈ ಎರಡು ಸೀಸನ್‌ಗೆ.

ನಾವು ಹೋಗ್ತಿರೋದು ಅಕ್ಟೋಬರ್‌ನಲ್ಲಿ. ಒಂದು ಮಾರುತ ಹಿಂದೆ ಸರಿದಿರುತ್ತೆ, ಇನ್ನೊಂದು ಇನ್ನೂ ನೆಲೆ ನಿಂತಿರಲ್ಲ. ಬೆಳಗ್ಗೆಯೆಲ್ಲ ನೀರು ಕನ್ನಡಿ ಥರ. ಮಧ್ಯಾಹ್ನ ಮೋಡ ಕಟ್ಟಿ ಇದ್ದಕ್ಕಿದ್ದಂತೆ ಬಿರುಗಾಳಿ, ಮಳೆ. ರಜೆ ಕೊಟ್ಟಿದ್ದು ಕಾಲೇಜು, ಗಾಳಿ ಕೊಟ್ಟಿಲ್ಲ.

"ಗಾಳಿ ಬಂದಾಗ ತೂರಿಕೋ" ಅಂತ ಗಾದೆ ಇದೆ. ಬರದೇ ಇರೋ ಗಾಳಿಗೆ ಮೊರ ಹೊತ್ಕೊಂಡು 600 ಕಿಲೋಮೀಟರ್ ಹೋಗು ಅಂತ ಯಾವ ಗಾದೆಯೂ ಹೇಳಿಲ್ಲ.

4/9
ಹೋದ ವರ್ಷ ನಾನು ಅದನ್ನೇ ಮಾಡಿದ್ದು. ಇದೇ ದಸರಾ, ಇದೇ ದ್ವೀಪ, ನಾಲ್ಕೇ ಜನ ಹೋಗಿದ್ವಿ. ಮದುರೈನಲ್ಲಿ ರೈಲಿಳಿದು ಬಸ್ ಹತ್ತುವಾಗ ಕಂಡಕ್ಟರ್ ಬ್ಯಾಗ್ ನೋಡಿ ತಲೆ ಮೇಲೆ ಕೈ ಇಟ್ಕೊಂಡ್ರು. ಆಟೋಗೆ ಇಬ್ಬರೇ ಹಿಡಿಸಿದ್ದರಿಂದ ಎರಡು ಆಟೋ. ಹೋದಲ್ಲೆಲ್ಲ ಬ್ಯಾಗ್ ಕಾಯೋಕೆ ಒಬ್ಬ. ಸಾಮಾನು ನನ್ನದು, ಭಾರ ನಾಲ್ಕು ಜನದ್ದು. ಅವರ್ಯಾರೂ ಗೊಣಗಲಿಲ್ಲ. ನಾನೂ ಕೇಳಲಿಲ್ಲ.

ಎರಡು ದಿನ ಎಲೆಯೂ ಅಲ್ಲಾಡಲಿಲ್ಲ. ಮೂರನೇ ದಿನ ಮಧ್ಯಾಹ್ನ ಈಶಾನ್ಯದಲ್ಲಿ ಮೋಡ ಕಪ್ಪಾಯ್ತು, ಗಾಳಿ ಶುರುವಾಯ್ತು. ಬಲೆ ಬಿಡಿಸ್ತಾ ಕೂತಿದ್ದ ಹಿರಿಯರೊಬ್ಬರು ನಮ್ಮನ್ನ ನೋಡಿ, "ತಂಬಿ, ಕಾತ್ತು ಸರಿ ಇಲ್ಲೆ" ಅಂದ್ರು. ಗಾಳಿ ಸರಿಯಿಲ್ಲ ಅಂತ. ನನಗೆ ಅರ್ಥ ಆಯ್ತು. ಆದರೂ ಪಂಪ್ ತೆಗೆದೆ.

ಯಾಕೆ ಗೊತ್ತಾ? ಇಷ್ಟು ದೂರ ಹೊತ್ತು ತಂದಿದ್ದೆನಲ್ಲ, ಅದಕ್ಕೆ.

5/9
ಭೌತಶಾಸ್ತ್ರ ನಿಮಗೂ ಬರುತ್ತೆ. ಗಾಳಿಯ ವೇಗ ಎರಡರಷ್ಟಾದ್ರೆ ಎಳೆತ ನಾಲ್ಕರಷ್ಟು. 12 ನಾಟ್‌ಗೆ ಅಂತ ಹಾರಿಸಿದ ದೊಡ್ಡ ಕೈಟ್, ಮೋಡದ ಮುಂದೆ ನುಗ್ಗಿದ ಗಾಳಿ 24 ಮುಟ್ಟಿದ್ರೆ ಏನಾಗುತ್ತೆ ಅಂತ ಲೆಕ್ಕ ಹಾಕಿ.

ಲೆಕ್ಕ ನನಗೂ ಗೊತ್ತಿತ್ತು. ನೀರಿಗೆ ಇಳಿಯೋ ಮುಂಚೆಯೇ ಮರಳ ಮೇಲೆ ನನ್ನನ್ನ ಎಳೆದುಕೊಂಡು ಹೋಯ್ತು. ಕೈಟ್ ಎತ್ತಿ ಕೊಟ್ಟಿದ್ದ ಫ್ರೆಂಡ್ ನನ್ನನ್ನ ನಿಲ್ಲಿಸೋಕೆ ಅಂತ ಓಡಿ ಬಂದು ಲೈನ್ ಹಿಡಿದ. ಬರಿಗೈಲಿ. ಬಿಗಿದ ಲೈನ್ ಚಾಕು ಇದ್ದ ಹಾಗೆ. ನಾನು ಕ್ವಿಕ್ ರಿಲೀಸ್ ಒತ್ತಿದೆ, ಕೈಟ್ ಬಿತ್ತು. ಅಷ್ಟರಲ್ಲಿ ಅವನ ಬಲಗೈ ಹೆಬ್ಬೆರಳ ಬುಡ ಸೀಳಿತ್ತು. ಐದು ಹೊಲಿಗೆ. ಮುಂದಿನ ವಾರ ಇಂಟರ್ನಲ್ಸ್.

ಏನೇ ಆದ್ರೂ ಲೈನ್ ಮುಟ್ಟಬೇಡ ಅಂತ ಅವನಿಗೆ ಮೊದಲೇ ಹೇಳಬೇಕಾಗಿದ್ದೋನು ನಾನು. ಹೇಳಿರಲಿಲ್ಲ. ಮೋಡ ಹತ್ತಿರ ಬರ್ತಿತ್ತು, ನನಗೆ ಅರ್ಜೆಂಟು.

"ಬೇಡ" ಅಂತ ವೋಟ್ ಹಾಕಿದವನು ಅವನೇ. ಅವನನ್ನ ಕೇಳಿಯೇ ಇದನ್ನ ಬರೀತಿದ್ದೀನಿ.

6/9
ಈಗ ನಿಮ್ಮ ಸರದಿ.

ಕೈಟ್ ಮೇಲೇಳೋ 15 ಸೆಕೆಂಡ್ ರೀಲ್ ಹಾಕಿದ್ದೆ, ನೆನಪಿದೆಯಾ? ಹಿಂದೆ ಕಪ್ಪು ಮೋಡ, ಮುಂದೆ ಕೆಂಪು ಕೈಟ್. ನನ್ನ ಅಕೌಂಟ್‌ನಲ್ಲಿ ಅತಿ ಹೆಚ್ಚು ಲೈಕ್ ಬಂದಿದ್ದು ಅದಕ್ಕೇ. 16ನೇ ಸೆಕೆಂಡ್‌ನಿಂದ ಆಚೆಗಿದ್ದಿದ್ದನ್ನ ನಾನು ಕತ್ತರಿಸಿದ್ದೆ. ನೀವು "ಬೆಂಕಿ ಮಗಾ" ಅಂತ ಕಾಮೆಂಟ್ ಹಾಕುವಾಗ ಅವನು ಎಡಗೈಲಿ ಊಟ ಮಾಡ್ತಿದ್ದ.

ತಪ್ಪು ನನ್ನದು. ಆದ್ರೆ ಈ ಸಲದ 11 "ತಗೊಂಡ್ಬಾ" ಎಲ್ಲಿಂದ ಬಂತು ಅಂತ ಒಂದ್ಸಲ ಯೋಚಿಸಿ. ಆ 15 ಸೆಕೆಂಡಿಂದ. ಇವತ್ತು ಬೆಳಗ್ಗೆ ಆ ರೀಲ್ ತೆಗೆದಿದ್ದೀನಿ.

7/9
ಇನ್ನೊಂದು ಮಾತು. ಆ ಸಮುದ್ರ ನಮ್ಮ ಬ್ಯಾಕ್‌ಗ್ರೌಂಡ್ ಆಗೋಕೆ ಅಂತ ಅಲ್ಲಿಲ್ಲ.

ಆಳವಿಲ್ಲದ ನೀರಲ್ಲಿ ಬಿದಿರಿನ ತೆಪ್ಪ ಕಟ್ಟಿ ಕಡಲಪಾಚಿ ಬೆಳೆದು ಸಂಸಾರ ನಡೆಸೋ ಹೆಂಗಸರಿದ್ದಾರೆ. ಮೀನಿನ ಬಲೆಗಳಿವೆ. ದಸರಾ ಸಮಯಕ್ಕೆ ತೀರದಲ್ಲಿ ಯಾತ್ರಿಕರು, ಮಕ್ಕಳು. ನಮ್ಮ ಲೈನ್ ಹಾಸೋಕೆ 20 ಮೀಟರ್‌ಗೂ ಹೆಚ್ಚು ಖಾಲಿ ಮರಳು ಬೇಕು. ಅದನ್ನ ಯಾರ ದಾರಿಯಿಂದ ಕಿತ್ಕೊಳ್ತೀರ?

ಧನುಷ್ಕೋಡಿ ತುದಿಯಿಂದ ಶ್ರೀಲಂಕಾದ ತಲೈಮನ್ನಾರ್‌ಗೆ ಸುಮಾರು 30 ಕಿಲೋಮೀಟರ್. ಗಡಿ ಅದಕ್ಕೂ ಈಚೆಗೇ ಇದೆ. ಆ ಗೆರೆ ದಾಟಿದ್ರು ಅಂತ ಮೀನುಗಾರರು ಜೈಲಿಗೆ ಹೋಗೋ ಸುದ್ದಿ ನಾವೆಲ್ಲ ಓದಿದ್ದೀವಿ. ಅಂಥ ಕಡೆ ಗಾಳಿ ನಮ್ಮನ್ನ ತೀರದಿಂದ ಆಚೆಗೆ ತಳ್ಳಿದ್ರೆ, ಹುಡುಕೋಕೆ ದೋಣಿ ತಗೊಂಡು ಬರಬೇಕಾದೋರು ಆ ಮೀನುಗಾರರೇ. ಅವರ ಡೀಸೆಲ್, ಅವರ ಪ್ರಾಣ, ನಮ್ಮ ರೀಲ್.

1964ರ ಡಿಸೆಂಬರ್‌ನ ಚಂಡಮಾರುತ ಧನುಷ್ಕೋಡಿ ಊರನ್ನೇ ಅಳಿಸಿಹಾಕ್ತು. ನಾವು ಫೋಟೋ ತೆಗೆಸ್ಕೊಳ್ಳೋ ಮುರುಕು ಚರ್ಚು ಆ ಊರಲ್ಲಿ ಉಳಿದಿರೋದು. ಅಲ್ಲಿ ನಿಂತು ಗಾಳಿ ಜೊತೆ ಜಂಭ ಕೊಚ್ಚೋಕೆ ಹೇಗೆ ಮನಸ್ಸು ಬರುತ್ತೆ?

8/9
ನಿಮ್ಮ ವಾದಗಳಿಗೆ ಉತ್ತರ.

"ಬಾಡಿಗೆಗೆ ತಗೊಂಡ್ರೆ ದುಡ್ಡು ದಂಡ." ದುಬಾರಿ, ಒಪ್ತೀನಿ. ಆದ್ರೆ ಅಲ್ಲಿ ಕಲಿಸೋರ ಹತ್ತಿರ ಬಾಡಿಗೆಗೆ ಕೇಳಿದಾಗ, ಗಾಳಿ ಸರಿಯಿಲ್ಲ ಅಂದ್ರೆ "ಇವತ್ತು ಕೊಡಲ್ಲ" ಅನ್ನೋಕೆ ಒಬ್ಬರಿರ್ತಾರೆ. ನಾವು ದುಡ್ಡು ಕೊಡೋದು ಆ "ಕೊಡಲ್ಲ"ಗೂ ಸೇರಿ. ನಮ್ಮದೇ ಬ್ಯಾಗ್ ಇದ್ರೆ ಬೇಡ ಅನ್ನೋರು ಯಾರೂ ಇರಲ್ಲ.

"ಅಭ್ಯಾಸದ ಸಾಮಾನೇ ಸೇಫ್." ಅರ್ಧ ನಿಜ. ಹಾರ್ನೆಸ್, ಹೆಲ್ಮೆಟ್ ನಮ್ಮ ಮೈಗೆ ಹೊಂದಿರಬೇಕು. ಅವೆರಡನ್ನ ಬ್ಯಾಕ್‌ಪ್ಯಾಕಲ್ಲಿ ತರ್ತೀನಿ. ಕೈಟ್, ಬೋರ್ಡ್ ಮನೇಲಿರುತ್ತೆ.

"ತಂದು ಉಪಯೋಗಿಸದೇ ಇದ್ರಾಯ್ತು." ಈ ಮಾತನ್ನ ನನಗೆ ಹೇಳಬೇಡಿ. 20 ಕೆ.ಜಿ. ಹೊತ್ತು ಎರಡು ದಿನ ಸುಮ್ಮನೆ ಕೂತವನು ಮೂರನೇ ದಿನ ಏನು ಮಾಡ್ತಾನೆ ಅಂತ ನೋಡಿದ್ದೀನಿ.

9/9
ಹಾಗಂತ ಕೈಟ್ ಮಾರ್ತಿಲ್ಲ. ಮುಂದಿನ ಆಷಾಢಕ್ಕೆ ಅದೇ ದ್ವೀಪಕ್ಕೆ ಹೋಗ್ತೀನಿ, ಗಾಳಿಗಾಗಿಯೇ. ಆಗ ಇಡೀ ಬ್ಯಾಗ್ ತಗೊಂಡು ಹೋಗ್ತೀನಿ. ಕಲಿಸೋರ ಕಣ್ಣೆದುರಿಗೇ ನೀರಿಗಿಳಿತೀನಿ. ಜೊತೆಗೆ ಬರೋರಿಗೆ ಲೈನ್ ಮುಟ್ಟಬಾರದು ಅಂತ ಮರಳಿಗೆ ಇಳಿಯೋ ಮುಂಚೆಯೇ ಹೇಳ್ತೀನಿ.

ಈ ದಸರಾ ಟ್ರಿಪ್ ಮಾತ್ರ 13 ಜನರದ್ದು. ಈಜೋಣ, ಪರೋಟ ತಿನ್ನೋಣ, ಪಾಂಬನ್ ಸೇತುವೆ ಮೇಲೆ ನಿಂತು ರೈಲು ನೋಡೋಣ. ಒಂದೇ ಆಟೋದಲ್ಲಿ ಮೂರು ಜನ ಹಿಡಿಸ್ತೀವಿ.

ಬೇರೆ ಯಾರಾದ್ರೂ ಫ್ರೆಂಡ್ ಸರ್ಫ್‌ಬೋರ್ಡೋ, ಡ್ರೋನೋ, ಕೈಟೋ ತರ್ಲಾ ಅಂತ ಕೇಳಿದ್ರೆ, ಲೈಕ್ ಒತ್ತೋ ಮುಂಚೆ ಮೂರು ಪ್ರಶ್ನೆ ಕೇಳಿ: ಆ ತಿಂಗಳು ಅಲ್ಲಿ ಗಾಳಿ ಹೇಗಿರುತ್ತೆ? ಹೊರೋರು ಯಾರು? ಬೇಡ ಅಂತ ಹೇಳೋರು ಯಾರು?

ಮೂರನೆಯದಕ್ಕೆ ಉತ್ತರ ಸಿಗದೇ ಇದ್ರೆ, ನೀವೇ ಹೇಳಿ.

ವೋಟಿಂಗ್ ಇನ್ನೂ ತೆರೆದಿದೆ. ಬದಲಾಯಿಸ್ಬಹುದು.

#ರಾಮೇಶ್ವರ #ಪಾಂಬನ್ #ಕೈಟ್‌ಬೋರ್ಡಿಂಗ್ #ಬೇಕಾಗ್ಬಹುದು_ಬೇಡ