ದುಡಿದ ಗಂಟೆಗೂ ದಾಖಲೆ ಇರಲಿ



ರಾಜ್ಯದಲ್ಲಿ ಕೆಲಸದ ಅವಧಿ ಹೆಚ್ಚಿಸುವ ಪ್ರಸ್ತಾವ 2024ರಲ್ಲಿ ಐಟಿ ವಲಯದ ಹೆಸರಿನಲ್ಲಿ ಬಂತು. 2025ರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೇ ತಿದ್ದುಪಡಿ ತರುವ ಮಾತಾಯಿತು. ದಿನಕ್ಕೆ 9 ಗಂಟೆಯೋ 10 ಗಂಟೆಯೋ, ಮೂರು ತಿಂಗಳಿಗೆ ಓವರ್‌ಟೈಮ್ 50 ಗಂಟೆಯೋ 144 ಗಂಟೆಯೋ ಎಂದು ಪರ-ವಿರೋಧದ ಚರ್ಚೆ ಜೋರಾಗಿಯೇ ನಡೆಯಿತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಗುತ್ತಿಗೆ ಮೇಲೆ ದುಡಿಯುವ ನಮ್ಮಂಥವರಿಗೆ ಯಾವ ಅಂಕಿ ಬಂದರೂ ವ್ಯತ್ಯಾಸವಿಲ್ಲ. ಏಕೆಂದರೆ ನಾವು ಹೆಚ್ಚುವರಿಯಾಗಿ ದುಡಿದ ಗಂಟೆ ಯಾವ ದಾಖಲೆಯಲ್ಲೂ ಇರುವುದಿಲ್ಲ.

ಶುಕ್ರವಾರ ಸಂಜೆ ಟೈಮ್‌ಶೀಟ್ ತುಂಬುವುದನ್ನೇ ನೋಡಿ. ಐದು ದಿನಕ್ಕೆ ಐದು ಚೌಕ, ಪ್ರತಿಯೊಂದರಲ್ಲೂ 8. ರಿಲೀಸ್ ಇದ್ದ ಬುಧವಾರ ರಾತ್ರಿ ಒಂದೂವರೆವರೆಗೆ ಕ್ಲೈಂಟ್ ಜತೆ ಕಾಲ್‌ನಲ್ಲಿದ್ದೆ ಎಂದು 13 ಹಾಕಿದರೆ ಪೋರ್ಟಲ್ ಕೆಂಪು ಅಕ್ಷರ ತೋರಿಸಿ ನಿಲ್ಲುತ್ತದೆ. ಮ್ಯಾನೇಜರನ್ನು ಕೇಳಿದರೆ, ‘ಎಂಟೇ ಹಾಕಿಬಿಡಿ, ಕ್ಲೈಂಟ್ ಅಪ್ರೂವ್ ಮಾಡಲ್ಲ, ಕಾಂಪ್-ಆಫ್ ಆಮೇಲೆ ನೋಡೋಣ’ ಎನ್ನುತ್ತಾರೆ. ಹಾಗೆ ಕಾಂಪ್-ಆಫ್, ಅಂದರೆ ಬದಲಿ ರಜೆ, ಸಿಕ್ಕ ನೆನಪು ನನಗಿಲ್ಲ, ನನ್ನ ಜತೆಗಿದ್ದವರಿಗೂ ಇಲ್ಲ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಮೀರಿದ್ದಕ್ಕೆ ದುಪ್ಪಟ್ಟು ದರ ಕೊಡಬೇಕು ಎನ್ನುತ್ತದೆ. ನಾಳೆ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿದರೆ ನಾವೇ ಬರೆದುಕೊಟ್ಟ ಆ ಎಂಟು ನಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಕ್ಲೈಂಟ್‌ಗೆ ಹೋಗುವ ಬಿಲ್ ಗಂಟೆ ಲೆಕ್ಕದ್ದು, ನಮಗೆ ಬರುವುದು ತಿಂಗಳ ಲೆಕ್ಕದ್ದು. ನಡುವೆ ನಮ್ಮನ್ನು ಕಂಪನಿಗೆ ಒದಗಿಸುವ ಒಬ್ಬರೋ ಇಬ್ಬರೋ ವೆಂಡರ್‌ಗಳು. ನಮ್ಮ ಒಂದು ಗಂಟೆಗೆ ಎಷ್ಟು ಬಿಲ್ ಆಗುತ್ತಿದೆ ಎಂಬುದು ನಮಗೆ ಗೊತ್ತಾಗುವುದಿಲ್ಲ. ಡಿಸೆಂಬರ್ ಕೊನೆಯ ವಾರ ಅಮೆರಿಕದ ಕ್ಲೈಂಟ್ ಕಚೇರಿ ಮುಚ್ಚಿದರೆ ಬಿಲ್ಲಿಂಗ್ ಇಲ್ಲವೆಂದು ನಮ್ಮ ಸಂಬಳ ಕಡಿಯುತ್ತಾರೆ. ಆಗ ಮಾತ್ರ ಗಂಟೆ ಲೆಕ್ಕ ನೆನಪಾಗುತ್ತದೆ. ನವೆಂಬರ್ 1ರಂದು ಅಲ್ಲಿ ಕಚೇರಿ ನಡೆಯುತ್ತದೆ ಎಂದು ಇಲ್ಲಿ ನಮ್ಮನ್ನು ಕೆಲಸಕ್ಕೆ ಕೂರಿಸುತ್ತಾರೆ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ರಾಜ್ಯದ 1963ರ ಕಾಯ್ದೆಯ ಪ್ರಕಾರ ರಾಜ್ಯೋತ್ಸವ ಕಡ್ಡಾಯವಾಗಿ ಸಂಬಳ ಸಹಿತ ರಜೆ. ಕನ್ನಡ ನಾಡಿನಲ್ಲೇ ಕೂತು ದುಡಿಯುವವರಿಗೆ ಆ ಒಂದು ದಿನ ದಕ್ಕುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ.

‘ಕನ್ಸಲ್ಟೆಂಟ್’ ಎಂದು ನೇಮಕವಾದವರ ಪಾಡು ಇನ್ನೂ ಕಷ್ಟ. ವೃತ್ತಿಪರ ಶುಲ್ಕವೆಂದು 10% ಟಿಡಿಎಸ್ ಹಿಡಿದು ಉಳಿದದ್ದನ್ನು ಕೊಡುತ್ತಾರೆ. ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ವರ್ಷದ ವಹಿವಾಟು 20 ಲಕ್ಷ ದಾಟಿ ಜಿಎಸ್‌ಟಿಗೆ ಒಳಪಟ್ಟವರು ಇನ್‌ವಾಯ್ಸ್ ಕೊಟ್ಟ ಲೆಕ್ಕಕ್ಕೆ ತೆರಿಗೆ ಕಟ್ಟಬೇಕು, ದುಡ್ಡು ಕೈಗೆ ಬಂದಿರಲಿ, ಬಾರದಿರಲಿ. ಕಂಪನಿಗಳು 60, 90 ದಿನ ಎಳೆಯುತ್ತವೆ. ಇಂಥವರಿಗೆ ನೆರವಾಗುವ ಕಾನೂನು ಒಂದಿದೆ, ಬಹಳ ಮಂದಿಗೆ ಗೊತ್ತಿಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ, ಸರ್ಕಾರದ ಉದ್ಯಮ್ ನೋಂದಣಿ ಇರುವ ಸಣ್ಣ ಸೇವಾದಾರರಿಗೆ 45 ದಿನದೊಳಗೆ ಹಣ ಪಾವತಿಯಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಿ ಕೊಡಬೇಕು. ನೋಂದಣಿಗೆ ಶುಲ್ಕವಿಲ್ಲ. ಈ ಪತ್ರ ಓದುವ ಕನ್ಸಲ್ಟೆಂಟ್‌ಗಳು ಮೊದಲು ಅದನ್ನು ಮಾಡಿಸಿಕೊಳ್ಳಲಿ.

ಕ್ಲೈಂಟ್ ಒಪ್ಪಿದಷ್ಟು ಗಂಟೆಗೆ ಮಾತ್ರ ಬಿಲ್ ಮಾಡಲು ಸಾಧ್ಯ, ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಕಂಪನಿಗಳು ಹೇಳುತ್ತವೆ. ಬಿಲ್ ಮಾಡುವುದು ಬಿಡುವುದು ಅವರ ವ್ಯವಹಾರ. ಕೆಲಸ ಹಿಡಿಯುವ ಆತುರದಲ್ಲಿ ಕಡಿಮೆ ಗಂಟೆಯ ಅಂದಾಜು ಕೊಟ್ಟವರು ಮಾರಾಟ ವಿಭಾಗದವರು. ಆ ತಪ್ಪಿನ ಹೊರೆಯನ್ನು ರಾತ್ರಿಯೆಲ್ಲ ಟೆಸ್ಟಿಂಗ್ ಮಾಡುವ ಗುತ್ತಿಗೆ ಹುಡುಗಿ ಹೊರಬೇಕು ಎನ್ನುವುದು ಯಾವ ನ್ಯಾಯ?

ಕಾರ್ಮಿಕ ಸಚಿವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಟೈಮ್‌ಶೀಟ್‌ನಲ್ಲಿ ಬಿಲ್ ಆದ ಗಂಟೆ ಬೇರೆ, ದುಡಿದ ಗಂಟೆ ಬೇರೆ ನಮೂದಾಗಲಿ. ಅದರ ನಕಲು ಪ್ರತಿ ತಿಂಗಳೂ ದುಡಿದವರ ಕೈ ಸೇರಲಿ. ವೆಂಡರ್ ಜತೆಗೆ ಕೆಲಸ ಮಾಡಿಸಿಕೊಂಡ ಕಂಪನಿಯೂ ಅದಕ್ಕೆ ಹೊಣೆಯಾಗಲಿ. ನೌಕರರ ಸೇವಾ ನಿಯಮಗಳನ್ನು ಕಂಪನಿಗಳು ಲಿಖಿತವಾಗಿ ನಿಗದಿಪಡಿಸಬೇಕು ಎನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಉದ್ಯಮಕ್ಕೆ 2024ರಲ್ಲಿ ಮತ್ತೆ 5 ವರ್ಷ ವಿನಾಯಿತಿ ಕೊಟ್ಟಾಗ ಸರ್ಕಾರ ಕುಂದುಕೊರತೆ ಸಮಿತಿ ಇರಬೇಕು ಎಂಬಂಥ ಷರತ್ತುಗಳನ್ನು ಹಾಕಿತ್ತು. ಅಂದರೆ ಷರತ್ತು ಹಾಕುವ ಅಧಿಕಾರ ಸರ್ಕಾರಕ್ಕೆ ಇದ್ದೇ ಇದೆ. ಈ ದಾಖಲೆ ಕಡ್ಡಾಯವಾಗುವವರೆಗೆ ಕೆಲಸದ ಅವಧಿ ಹೆಚ್ಚಿಸುವ ಯಾವ ಪ್ರಸ್ತಾವವನ್ನೂ ಸಂಪುಟದ ಮುಂದೆ ತರಬಾರದು.

– ಒಬ್ಬ ಗುತ್ತಿಗೆ ಟೆಸ್ಟಿಂಗ್ ಎಂಜಿನಿಯರ್, ಬೆಂಗಳೂರು